ಕಚೇರಿ ಜಾಲದ ಡೈರೆಕ್ಟರಿ ಸರ್ವರ್ ಬದಲಾವಣೆ: ಅರ್ಜಿದಾರರ ಮಾಹಿತಿಗಾಗಿ

ಸರ್ಕಾರಿ ಕಚೇರಿಗಳ ಸೇವಾ ಕೌಂಟರುಗಳಲ್ಲಿ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರವನ್ನು ಒಮ್ಮೆಯಾದರೂ ಕೇಳದ ಅರ್ಜಿದಾರರು ವಿರಳ. ಈ ಒಂದು ಮಾತಿನ ಹಿಂದೆ ಹಲವು ಬಗೆಯ ಕಾರಣಗಳಿರುತ್ತವೆ. ವಿದ್ಯುತ್ ಕಡಿತ, ಸಂಪರ್ಕ ತಂತಿಯಲ್ಲಿನ ದೋಷ, ದತ್ತಾಂಶ ಕೇಂದ್ರದ ಮೇಲಿನ ಒತ್ತಡ ಮುಂತಾದವು ಅನಿರೀಕ್ಷಿತವಾಗಿ ಬರುವಂತಹವು. ಆದರೆ ಮುಂಚಿತವಾಗಿ ಸೂಚನಾ ಫಲಕದಲ್ಲಿ ಪ್ರಕಟಿಸಿ, ದಿನ ಗೊತ್ತುಪಡಿಸಿಕೊಂಡು ಕೈಗೊಳ್ಳುವ ಕೆಲಸಗಳೂ ಇವೆ. ಕಚೇರಿ ಜಾಲದ ಡೈರೆಕ್ಟರಿ ಸರ್ವರನ್ನು ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ ಮತ್ತು ಹಳೆಯ ತಂತ್ರಾಂಶದಿಂದ ಹೊಸ ಆವೃತ್ತಿಗೆ ವರ್ಗಾಯಿಸುವುದು ಅಂತಹ ಕೆಲಸಗಳಲ್ಲಿ ಮುಖ್ಯವಾದುದು.

ಇಂತಹ ಸೂಚನೆಯನ್ನು ಓದಿದ ಅರ್ಜಿದಾರರಲ್ಲಿ ಸಹಜವಾಗಿ ಮೂಡುವ ಆತಂಕವೆಂದರೆ, ಸಲ್ಲಿಸಿರುವ ಅರ್ಜಿ ಕಳೆದುಹೋಗುವುದೇ, ಮೊದಲಿನಿಂದ ಪುನಃ ಸಲ್ಲಿಸಬೇಕಾಗುವುದೇ ಎಂಬುದು. ಡೈರೆಕ್ಟರಿ ಸರ್ವರಿನಲ್ಲಿ ಅರ್ಜಿಗಳು ಇರುವುದಿಲ್ಲ. ಅರ್ಜಿಗಳು, ಲಗತ್ತಿಸಿದ ದಾಖಲೆಗಳು ಹಾಗೂ ಆದೇಶಗಳು ಪ್ರತ್ಯೇಕ ದತ್ತಾಂಶ ಕೋಶದಲ್ಲಿ, ಬಹುತೇಕ ಬೇರೆಯೇ ಊರಿನಲ್ಲಿರುವ ಯಂತ್ರಗಳಲ್ಲಿ ಇರುತ್ತವೆ. ಡೈರೆಕ್ಟರಿ ಸರ್ವರಿನಲ್ಲಿ ಇರುವುದು ಆ ಅರ್ಜಿಯನ್ನು ತೆರೆಯಲು, ಪರಿಶೀಲಿಸಲು ಮತ್ತು ಮಂಜೂರು ಮಾಡಲು ಯಾರಿಗೆ ಅಧಿಕಾರವಿದೆ ಎಂಬ ವಿವರ. ಕಡತಗಳಿರುವ ಕೊಠಡಿ ಒಂದು ಕಡೆ, ಆ ಕೊಠಡಿಯ ಬೀಗದ ಕೈ ಯಾರ ಬಳಿ ಇರಬೇಕೆಂಬ ವಹಿ ಮತ್ತೊಂದು ಕಡೆ ಇದ್ದಂತೆ. ಬದಲಾಗುವುದು ಈ ವಹಿ ಇರುವ ಯಂತ್ರ.

ಡೈರೆಕ್ಟರಿ ಸರ್ವರಿನ ಕೆಲಸ

ಕಚೇರಿಯಲ್ಲಿ ವಿಷಯ ನಿರ್ವಾಹಕರು ಬೆಳಿಗ್ಗೆ ತಮ್ಮ ಗಣಕಯಂತ್ರದ ಮುಂದೆ ಕುಳಿತು ಬಳಕೆದಾರರ ಹೆಸರು ಮತ್ತು ಗುಪ್ತಪದವನ್ನು ನಮೂದಿಸಿದಾಗ, ಆ ಗಣಕಯಂತ್ರವು ಅವುಗಳನ್ನು ತಾನೇ ತೀರ್ಮಾನಿಸುವುದಿಲ್ಲ. ಜಾಲದಲ್ಲಿ ಡೈರೆಕ್ಟರಿ ಸರ್ವರ್ ಎಲ್ಲಿದೆ ಎಂಬುದನ್ನು ಮೊದಲು ಡಿಎನ್‌ಎಸ್ ಎಂಬ ವಿಳಾಸ ಸೇವೆಯ ಮೂಲಕ ಕೇಳಿ ತಿಳಿದುಕೊಳ್ಳುತ್ತದೆ. ಅನಂತರ ಆ ಸರ್ವರನ್ನು ಸಂಪರ್ಕಿಸಿ, ಇವರು ಯಾರು, ಯಾವ ಶಾಖೆಗೆ ಸೇರಿದವರು, ಯಾವ ಗುಂಪಿನ ಅಧಿಕಾರ ಇವರಿಗಿದೆ ಎಂಬುದನ್ನು ಖಚಿತಪಡಿಸಿಕೊಳ್ಳುತ್ತದೆ. ಸರ್ವರ್ ಒಪ್ಪಿದಲ್ಲಿ ಒಂದು ಟಿಕೆಟ್ ನೀಡಲಾಗುತ್ತದೆ. ಬಸ್ಸಿನ ದಿನದ ಪಾಸಿನಂತೆ ಈ ಟಿಕೆಟಿಗೂ ಅವಧಿ ಉಂಟು. ಸಾಮಾನ್ಯವಾಗಿ ಅದು 10 ಗಂಟೆ. ಮುದ್ರಣ ಯಂತ್ರ, ಹಂಚಿಕೆಯ ಕಡತ ಕೋಶ, ಕಚೇರಿಯ ಒಳಗಿನ ತಂತ್ರಾಂಶ ಇವೆಲ್ಲವೂ ಪ್ರತಿ ಬಾರಿ ಗುಪ್ತಪದ ಕೇಳದೆ ಈ ಟಿಕೆಟನ್ನು ಆಧರಿಸಿ ಪಡೆದ ಅನುಮತಿಯನ್ನು ನೋಡಿ ಒಳಬಿಡುತ್ತವೆ.

ಈ ವ್ಯವಸ್ಥೆಯ ಮೂಲ ಹಳೆಯದು. ದೂರವಾಣಿ ಕೈಪಿಡಿಯ ಮಾದರಿಯಲ್ಲಿ ಜಾಲದ ಬಳಕೆದಾರರ ವಿವರಗಳನ್ನು ಇಡುವ ಎಕ್ಸ್.500 ಎಂಬ ಅಂತರರಾಷ್ಟ್ರೀಯ ಮಾನಕ 1988ರಲ್ಲಿ ಬಂದಿತು. ಅದು ಅಂದಿನ ಸಣ್ಣ ಗಣಕಯಂತ್ರಗಳಿಗೆ ಭಾರವಾದ್ದರಿಂದ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಎಲ್‌ಡಿಎಪಿ ಎಂಬ ಹಗುರವಾದ ವಿಧಾನವನ್ನು ರೂಪಿಸಿ 1993ರಲ್ಲಿ ಪ್ರಕಟಿಸಲಾಯಿತು. 2000ದ ಫೆಬ್ರವರಿಯಲ್ಲಿ ಬಿಡುಗಡೆಯಾದ ವಿಂಡೋಸ್ 2000 ಸರ್ವರಿನೊಂದಿಗೆ ಆಕ್ಟಿವ್ ಡೈರೆಕ್ಟರಿ ಬಂದ ಮೇಲೆ ಇಂತಹ ವ್ಯವಸ್ಥೆ ಪ್ರಪಂಚದಾದ್ಯಂತ ಕಚೇರಿಗಳಲ್ಲಿ ರೂಢಿಗೆ ಬಂದಿತು. ಹಲವು ಕಡೆ ಓಪನ್ ಎಲ್‌ಡಿಎಪಿ, ಸಾಂಬಾ ಮುಂತಾದ ಮುಕ್ತ ತಂತ್ರಾಂಶಗಳೂ ಬಳಕೆಯಲ್ಲಿವೆ.

ಕೌಂಟರಿನಲ್ಲಿ ಕೆಲವೊಮ್ಮೆ ಕಾಣುವ ಒಂದು ವಿಚಿತ್ರಕ್ಕೆ ಇಲ್ಲಿಯೇ ಕಾರಣವಿದೆ. ಡೈರೆಕ್ಟರಿ ಸರ್ವರ್ ನಿಂತಿರುವಾಗಲೂ ಒಂದನೆಯ ಕೌಂಟರಿನಲ್ಲಿ ಕೆಲಸ ನಡೆಯುತ್ತಿರುತ್ತದೆ, ಪಕ್ಕದ ಕೌಂಟರಿನಲ್ಲಿ ನಿಂತಿರುತ್ತದೆ. ಮೊದಲನೆಯವರು ಸರ್ವರ್ ನಿಲ್ಲುವ ಮುನ್ನವೇ ಲಾಗಿನ್ ಆಗಿ ಬೇಕಾದ ಅನುಮತಿಗಳನ್ನು ಪಡೆದಿರುತ್ತಾರೆ; ಅವು ಅವಧಿ ಮುಗಿಯುವವರೆಗೆ ನಡೆಯುತ್ತವೆ. ಎರಡನೆಯವರು ತಡವಾಗಿ ಬಂದಿರುತ್ತಾರೆ ಅಥವಾ ಊಟದ ಬಿಡುವಿನಲ್ಲಿ ಯಂತ್ರವನ್ನು ಆರಿಸಿ ಮತ್ತೆ ತೆರೆದಿರುತ್ತಾರೆ. ವಿಂಡೋಸ್ ಗಣಕಯಂತ್ರಗಳು ಇತ್ತೀಚೆಗೆ ಬಳಸಿದವರ ಲಾಗಿನ್ ವಿವರಗಳನ್ನು ತಮ್ಮಲ್ಲಿಯೇ ನೆನಪಿಟ್ಟುಕೊಳ್ಳುವುದರಿಂದ ಅವರಿಗೆ ಪರದೆ ತೆರೆದುಕೊಳ್ಳುತ್ತದೆ, ಆದರೆ ಹಂಚಿಕೆಯ ಕಡತ ಕೋಶ ತೆರೆದುಕೊಳ್ಳುವುದಿಲ್ಲ. ಗಣಕಯಂತ್ರ ಚಾಲೂ ಇದ್ದರೂ ಕೆಲಸ ಮಾಡುತ್ತಿಲ್ಲವೆಂದು ಸಿಬ್ಬಂದಿಯ ಮೇಲೆ ಅಸಮಾಧಾನಗೊಳ್ಳುವ ಮುನ್ನ ಈ ಅಂಶವನ್ನು ಗಮನಿಸುವುದು ಒಳಿತು.

ಬದಲಾವಣೆ ಏಕೆ ಅನಿವಾರ್ಯ?

ಯಂತ್ರ ಹಳೆಯದಾಗುವುದು ಎಲ್ಲರಿಗೂ ಅರ್ಥವಾಗುವ ಕಾರಣ. ಹಗಲಿರುಳು ತಿರುಗುವ ಡಿಸ್ಕುಗಳು ಸವೆಯುತ್ತವೆ, ವಿದ್ಯುತ್ ಪೂರೈಕೆ ಘಟಕ ಕೆಡುತ್ತದೆ, ಬಿಡಿಭಾಗಗಳು ಸಿಗುವುದು ನಿಲ್ಲುತ್ತದೆ. ಆದರೆ ಯಂತ್ರ ಇನ್ನೂ ಗಟ್ಟಿಯಾಗಿದ್ದಾಗಲೂ ತಂತ್ರಾಂಶದ ಆಯಸ್ಸು ಮುಗಿಯಬಹುದು. ವಿಂಡೋಸ್ ಸರ್ವರ್ 2003ಕ್ಕೆ ತಯಾರಕರ ಬೆಂಬಲ 2015ರ ಜುಲೈ 14ರಂದು ಕೊನೆಗೊಂಡಿತು. 2008 ಮತ್ತು 2008 ಆರ್2 ಆವೃತ್ತಿಗಳಿಗೆ 2020ರ ಜನವರಿ 14ರಂದು, 2012 ಮತ್ತು 2012 ಆರ್2 ಆವೃತ್ತಿಗಳಿಗೆ 2023ರ ಅಕ್ಟೋಬರ್ 10ರಂದು ಸಾಮಾನ್ಯ ಬೆಂಬಲ ಮುಗಿಯಿತು. 2016ರ ಆವೃತ್ತಿಗೆ 2027ರ ಜನವರಿ 12 ಕೊನೆಯ ದಿನವೆಂದು ಗೊತ್ತುಪಡಿಸಲಾಗಿದೆ. ಬೆಂಬಲ ಮುಗಿದ ಮಾತ್ರಕ್ಕೆ ಸರ್ವರ್ ನಿಂತುಹೋಗುವುದಿಲ್ಲ. ಹಾಗೆ ನಿಂತಿದ್ದರೆ ಬಹುಶಃ ಬದಲಾವಣೆ ಸಕಾಲದಲ್ಲಿ ನಡೆಯುತ್ತಿತ್ತು. ಅದು ಎಂದಿನಂತೆ ನಡೆಯುತ್ತಲೇ ಇರುತ್ತದೆ, ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ಪರಿಹಾರ ಬರುವುದು ನಿಲ್ಲುತ್ತದೆ.

ಇದರ ಪರಿಣಾಮ ಎಷ್ಟು ಗಂಭೀರವೆಂಬುದಕ್ಕೆ 2020ರ ಒಂದು ಪ್ರಕರಣ ಸಾಕು. ಆ ವರ್ಷದ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಡೈರೆಕ್ಟರಿ ಸರ್ವರುಗಳಲ್ಲಿನ ಒಂದು ದೋಷಕ್ಕೆ ಪರಿಹಾರ ಬಿಡುಗಡೆ ಮಾಡಿತು. ಅನಂತರ ಅದು ಜೀರೋಲಾಗಾನ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಕಚೇರಿ ಜಾಲದೊಳಗೆ ಹೇಗೋ ಪ್ರವೇಶ ಪಡೆದ ಯಾವುದೇ ವ್ಯಕ್ತಿ, ಯಾವ ಗುಪ್ತಪದವನ್ನೂ ತಿಳಿಯದೆ, ಗುರುತಿನ ಪರೀಕ್ಷೆಯ ಜಾಗದಲ್ಲಿ ಬರಿಯ ಸೊನ್ನೆಗಳನ್ನು ಮತ್ತೆ ಮತ್ತೆ ಕಳುಹಿಸಿ ಡೈರೆಕ್ಟರಿ ಸರ್ವರಿನ ಸ್ವಂತ ಗುಪ್ತಪದವನ್ನೇ ಅಳಿಸಿಹಾಕಲು ಸಾಧ್ಯವಿತ್ತು. ದೋಷಗಳ ತೀವ್ರತೆಯನ್ನು ಅಳೆಯುವ 10ರ ಮಾಪನದಲ್ಲಿ ಇದಕ್ಕೆ ಪೂರ್ಣ 10 ಅಂಕ ನೀಡಲಾಯಿತು. ಆ ವೇಳೆಗೆ 2008 ಆರ್2 ಆವೃತ್ತಿಯ ಬೆಂಬಲ ಮುಗಿದು ಏಳು ತಿಂಗಳಾಗಿದ್ದವು. ಪ್ರತ್ಯೇಕ ಶುಲ್ಕ ತೆತ್ತು ವಿಸ್ತರಿತ ಬೆಂಬಲ ಪಡೆದವರನ್ನು ಹೊರತುಪಡಿಸಿ ಉಳಿದವರಿಗೆ ಪರಿಹಾರ ದೊರೆಯಲಿಲ್ಲ.

ಅರ್ಜಿದಾರರ ದೃಷ್ಟಿಯಿಂದ ನೋಡಿದಲ್ಲಿ, ಡೈರೆಕ್ಟರಿ ಸರ್ವರ್ ಪರರ ವಶವಾಯಿತೆಂದರೆ ಆ ವ್ಯಕ್ತಿಯು ಕಚೇರಿಯ ಯಾವುದೇ ಅಧಿಕಾರಿಯ ಹೆಸರಿನಲ್ಲಿ ಜಾಲದೊಳಗೆ ಓಡಾಡಬಲ್ಲನು ಎಂದರ್ಥ. ಆದಾಯ ಪ್ರಮಾಣಪತ್ರಕ್ಕಾಗಿ ಸಲ್ಲಿಸಿದ ವೇತನ ಚೀಟಿ, ವಿಧವಾ ವೇತನದ ಅರ್ಜಿಗೆ ಲಗತ್ತಿಸಿದ ಬ್ಯಾಂಕ್ ಪುಸ್ತಕದ ಪ್ರತಿ, ಜಮೀನಿನ ತಕರಾರಿನ ಕಡತ ಇವೆಲ್ಲವೂ ಅವನ ಕಣ್ಣಿಗೆ ಬೀಳಬಹುದು. ಒಂದು ಶನಿವಾರದ ಸೇವಾ ವ್ಯತ್ಯಯವನ್ನು ಈ ಅಪಾಯದ ಎದುರಿಗೆ ಇಟ್ಟು ನೋಡಬೇಕು.

ಹೆಸರು ಒಂದೇ ಇದ್ದರೆ ಸಾಲದು

ಹೊಸ ಸರ್ವರ್ ಖರೀದಿಸಿದ ಮೇಲೆ ಅದರಲ್ಲಿ ಎಲ್ಲ ಸಿಬ್ಬಂದಿಯ ಹೆಸರುಗಳನ್ನು ಹೊಸದಾಗಿ ನಮೂದಿಸಿದರೆ ಆಗದೇ ಎಂಬ ಪ್ರಶ್ನೆ ಸಹಜ. ಐವತ್ತು ಮಂದಿ ಇರುವ ಕಚೇರಿಯಲ್ಲಿ ಅದು ಅರ್ಧ ದಿನದ ಕೆಲಸ. ಕೆಲವು ಕಡೆ ಹೀಗೆ ಮಾಡಿದ್ದೂ ಉಂಟು. ತೊಂದರೆ ಎದ್ದು ಕಾಣುವುದು ಮರುದಿನ.

ಡೈರೆಕ್ಟರಿಯು ವ್ಯಕ್ತಿಯನ್ನು ಗುರುತಿಸುವುದು ಹೆಸರಿನಿಂದ ಅಲ್ಲ. ಪ್ರತಿಯೊಂದು ಖಾತೆಯನ್ನು ತೆರೆಯುವಾಗ ಅದಕ್ಕೆ ಒಂದು ಉದ್ದನೆಯ ಭದ್ರತಾ ಸಂಖ್ಯೆ ನೀಡಲಾಗುತ್ತದೆ. ಅದರ ಮೊದಲ ಭಾಗ ಆ ಜಾಲಕ್ಕೆ ಸೇರಿದ್ದು, ಕೊನೆಯ ಭಾಗ ಆ ಖಾತೆಗೆ ಮಾತ್ರ ಸೇರಿದ್ದು. ಕಡತ ಕೋಶಗಳ ಮೇಲೆ "ಇವರು ಓದಬಹುದು, ಇವರು ತಿದ್ದಬಹುದು" ಎಂದು ಬರೆದಿಡುವಾಗ ಬರೆಯಲ್ಪಡುವುದು ಈ ಸಂಖ್ಯೆಯೇ ಹೊರತು ಹೆಸರಲ್ಲ. ಹೆಸರನ್ನು ತೋರಿಸುವುದು ಕೇವಲ ಓದುವವರ ಅನುಕೂಲಕ್ಕೆ. ಒಂದು ತಾಲ್ಲೂಕು ಕಚೇರಿಯಲ್ಲಿ ಒಂದೇ ಹೆಸರಿನ ಇಬ್ಬರು ದ್ವಿತೀಯ ದರ್ಜೆ ಸಹಾಯಕರಿರುವುದು ಅಪರೂಪವಲ್ಲ. ಒಬ್ಬರ ಹೆಸರು ಮದುವೆಯ ಅನಂತರ ಬದಲಾಗಬಹುದು. ಆದ್ದರಿಂದ ಹೆಸರನ್ನು ಆಧಾರವಾಗಿ ಇಟ್ಟುಕೊಳ್ಳದಿರುವುದು ವಿವೇಕದ ಕ್ರಮವೇ ಆಗಿದೆ. ಪಹಣಿಯಲ್ಲಿ ಮಾಲೀಕರ ಹೆಸರು ಬದಲಾದರೂ ಸರ್ವೆ ನಂಬರು ಇದ್ದಂತೆಯೇ ಇರುವುದನ್ನು ಹೋಲಿಕೆಗೆ ನೆನೆಯಬಹುದು.

ಹೀಗಿರುವಾಗ ಹೊಸ ಸರ್ವರಿನಲ್ಲಿ ಅದೇ ಹೆಸರು, ಅದೇ ಹುದ್ದೆ, ಅದೇ ಗುಪ್ತಪದ ಕೊಟ್ಟು ಖಾತೆ ತೆರೆದರೂ ಭದ್ರತಾ ಸಂಖ್ಯೆ ಹೊಸದು. ಕಡತ ಕೋಶದ ದೃಷ್ಟಿಯಲ್ಲಿ ಆ ಸಿಬ್ಬಂದಿ ಅಪರಿಚಿತ ವ್ಯಕ್ತಿ. ಹತ್ತು ವರ್ಷಗಳಿಂದ ತಾವೇ ನಿರ್ವಹಿಸಿದ ಕಡತವನ್ನು ತೆರೆಯಲು ಹೋದರೆ ಅನುಮತಿ ಇಲ್ಲವೆಂಬ ಉತ್ತರ ಬರುತ್ತದೆ. ಕಡತದ ಮಾಲೀಕರ ಹೆಸರಿರಬೇಕಾದ ಜಾಗದಲ್ಲಿ ಅರ್ಥವಾಗದ ಉದ್ದನೆಯ ಅಂಕಿಗಳು ಕಾಣಿಸುತ್ತವೆ. ಇದನ್ನು ಸರಿಪಡಿಸುವ ಅವಸರದಲ್ಲಿ ಎಲ್ಲ ಕಡತ ಕೋಶಗಳನ್ನೂ ಎಲ್ಲರಿಗೂ ತೆರೆದುಬಿಡುವುದು ಸುಲಭದ ದಾರಿ. ಅದಕ್ಕಿಂತ ಕೆಟ್ಟ ದಾರಿ ಮತ್ತೊಂದಿಲ್ಲ. ಅರ್ಜಿದಾರರೊಬ್ಬರ ಗೋಪ್ಯ ದಾಖಲೆಯನ್ನು ಯಾರು ನೋಡಿದರು, ಕಡತಕ್ಕೆ ಯಾರು ತಿದ್ದುಪಡಿ ಮಾಡಿದರು ಎಂಬ ಪ್ರಶ್ನೆ ಮುಂದೆ ಮೇಲ್ಮನವಿಯಲ್ಲೋ ನ್ಯಾಯಾಲಯದಲ್ಲೋ ಎದ್ದಾಗ ಉತ್ತರ ದೊರೆಯದಂತಾಗುತ್ತದೆ.

ಸರಿಯಾದ ಕ್ರಮ ಯಾವುದು?

ಹಳೆಯ ಸರ್ವರ್ ನಡೆಯುತ್ತಿರುವಾಗಲೇ ಹೊಸ ಸರ್ವರನ್ನು ಅದರ ಜೊತೆಗಾರನಾಗಿ ಸೇರಿಸುವುದು ಒಪ್ಪಿತ ಕ್ರಮ. ಕಚೇರಿಯಲ್ಲಿ ಅಧಿಕಾರ ಹಸ್ತಾಂತರ ನಡೆಯುವ ರೀತಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಹೊಸದಾಗಿ ಬಂದವರು ಕೆಲವು ದಿನ ಹಳಬರ ಪಕ್ಕದಲ್ಲಿ ಕುಳಿತು ಕಡತಗಳನ್ನು ತಿಳಿದುಕೊಂಡ ಮೇಲೆ ಪ್ರಭಾರ ವಹಿಸಿಕೊಳ್ಳುತ್ತಾರೆ, ಹಳಬರು ಬಿಡುಗಡೆ ಹೊಂದುತ್ತಾರೆ.

ಮೊದಲಿಗೆ ಹಳೆಯ ಡೈರೆಕ್ಟರಿಯ ಆರೋಗ್ಯ ತಪಾಸಣೆ ನಡೆಯುತ್ತದೆ. ಹಳೆಯದರಲ್ಲಿ ದೋಷವಿದ್ದರೆ ಅದು ಹೊಸದಕ್ಕೂ ನಕಲಾಗುತ್ತದೆ. ತಪಾಸಣೆಯ ಅನಂತರ ಸಂಪೂರ್ಣ ಬ್ಯಾಕಪ್ ತೆಗೆದು, ಅದರಿಂದ ಮರುಸ್ಥಾಪನೆ ಸಾಧ್ಯವೇ ಎಂಬುದನ್ನು ಪ್ರತ್ಯೇಕ ಯಂತ್ರದಲ್ಲಿ ಪರೀಕ್ಷಿಸಬೇಕು. ತೆಗೆದಿಟ್ಟ ಬ್ಯಾಕಪ್ ಎಂದೂ ತೆರೆದು ನೋಡದಿರುವುದು ಬಹಳ ಕಡೆ ಕಂಡುಬರುವ ಲೋಪ. ಹಳೆಯ ಕಾಲದಿಂದ ನಡೆದುಬಂದ ಜಾಲವಾಗಿದ್ದಲ್ಲಿ ಇನ್ನೊಂದು ಪೂರ್ವಸಿದ್ಧತೆ ಬೇಕು: ಎಫ್‌ಆರ್‌ಎಸ್ ಎಂಬ ಹಳೆಯ ನಕಲು ವಿಧಾನವನ್ನೇ ಇನ್ನೂ ಬಳಸುತ್ತಿರುವ ಜಾಲಕ್ಕೆ ವಿಂಡೋಸ್ ಸರ್ವರ್ 2019 ಅಥವಾ ಅನಂತರದ ಆವೃತ್ತಿಯ ಡೈರೆಕ್ಟರಿ ಸರ್ವರನ್ನು ಸೇರಿಸಲು ಬರುವುದಿಲ್ಲ. ಅದನ್ನು ಮೊದಲು ಹೊಸ ವಿಧಾನಕ್ಕೆ ಬದಲಾಯಿಸಿಕೊಳ್ಳಬೇಕಾಗುತ್ತದೆ.

ಇದಾದ ಮೇಲೆ ಹೊಸ ಸರ್ವರನ್ನು ಜಾಲಕ್ಕೆ ಸೇರಿಸಿ ಡೈರೆಕ್ಟರಿ ಸರ್ವರ್ ಎಂದು ಘೋಷಿಸಿದಾಗ, ಹಳೆಯದರಲ್ಲಿರುವ ಎಲ್ಲ ಖಾತೆಗಳು ತಮ್ಮ ಭದ್ರತಾ ಸಂಖ್ಯೆಗಳ ಸಮೇತ ಅದಕ್ಕೆ ನಕಲಾಗುತ್ತವೆ. ಗುಪ್ತಪದಗಳೂ ಓದಲಾಗದ ಸಂಕೇತರೂಪದಲ್ಲಿಯೇ ಹೋಗುತ್ತವೆ. ಆದ್ದರಿಂದ ಸಿಬ್ಬಂದಿ ಹೊಸ ಗುಪ್ತಪದ ಪಡೆಯುವ ಅವಶ್ಯಕತೆ ಬರುವುದಿಲ್ಲ.

ಡೈರೆಕ್ಟರಿಯಲ್ಲಿನ ಬಹುತೇಕ ಕೆಲಸಗಳನ್ನು ಎಲ್ಲ ಸರ್ವರುಗಳೂ ಸಮಾನವಾಗಿ ಮಾಡಬಲ್ಲವು. ಆದರೆ ಆಕ್ಟಿವ್ ಡೈರೆಕ್ಟರಿಯಲ್ಲಿ ಐದು ಹೊಣೆಗಳನ್ನು ಮಾತ್ರ ಒಂದು ಸಮಯದಲ್ಲಿ ಒಂದೇ ಸರ್ವರ್ ವಹಿಸಿಕೊಂಡಿರಬೇಕು. ಇವುಗಳನ್ನು ಹಳೆಯದರಿಂದ ಹೊಸದಕ್ಕೆ ಕ್ರಮಬದ್ಧವಾಗಿ ಹಸ್ತಾಂತರಿಸಲು ಕೆಲವೇ ನಿಮಿಷಗಳು ಸಾಕು. ಐದರಲ್ಲಿ ಒಂದು ಹೊಣೆ, ಮೇಲೆ ತಿಳಿಸಿದ ಭದ್ರತಾ ಸಂಖ್ಯೆಗಳನ್ನು ಹಂಚುವುದು. ಈ ಹೊಣೆ ಹೊತ್ತ ಸರ್ವರ್ ಉಳಿದವುಗಳಿಗೆ 500 ಸಂಖ್ಯೆಗಳ ಕಟ್ಟನ್ನು ಒಮ್ಮೆಗೆ ಕೊಡುತ್ತದೆ. ರಶೀದಿ ಪುಸ್ತಕಗಳನ್ನು ಶಾಖೆಗಳಿಗೆ ಹಂಚಿದಂತೆ. ಹಳೆಯ ಸರ್ವರ್ ಕೆಟ್ಟಿತೆಂದು ಈ ಹೊಣೆಯನ್ನು ಬಲವಂತವಾಗಿ ಹೊಸದಕ್ಕೆ ವಹಿಸಿಕೊಂಡು, ಬಳಿಕ ದುರಸ್ತಿಯಾದ ಹಳೆಯ ಯಂತ್ರವನ್ನು ಮತ್ತೆ ಜಾಲಕ್ಕೆ ಜೋಡಿಸಿದರೆ, ಒಂದೇ ಸಂಖ್ಯೆಯ ರಶೀದಿ ಪುಸ್ತಕ ಎರಡು ಕಡೆ ಚಾಲ್ತಿಗೆ ಬಂದ ಸ್ಥಿತಿ ಉಂಟಾಗುತ್ತದೆ. ಇಬ್ಬರು ಬೇರೆ ಬೇರೆ ನೌಕರರಿಗೆ ಒಂದೇ ಭದ್ರತಾ ಸಂಖ್ಯೆ ಹೋಗುವ, ಒಬ್ಬರ ಅಧಿಕಾರ ಮತ್ತೊಬ್ಬರಿಗೆ ಸಲ್ಲುವ ಅಪಾಯವಿದು. ಬಲವಂತವಾಗಿ ಹೊಣೆ ಕಸಿದುಕೊಂಡ ಮೇಲೆ ಹಳೆಯ ಸರ್ವರನ್ನು ಎಂದಿಗೂ ಹಾಗೆಯೇ ಮರಳಿ ಜೋಡಿಸಬಾರದೆಂಬ ನಿಯಮ ಇರುವುದು ಇದಕ್ಕಾಗಿ.

ಮುಕ್ತ ತಂತ್ರಾಂಶ ಬಳಸುವ ಕಚೇರಿಗಳಲ್ಲಿ ವಿಧಾನ ತುಸು ಬೇರೆ. ಓಪನ್ ಎಲ್‌ಡಿಎಪಿಯ 2.5ನೆಯ ಆವೃತ್ತಿ 2021ರಲ್ಲಿ ಬಂದಾಗ ಹಳೆಯ ಬರ್ಕ್ಲಿ ಮಾದರಿಯ ದತ್ತಾಂಶ ಕಡತಗಳಿಗೆ ಇದ್ದ ಅವಕಾಶವನ್ನು ತೆಗೆದುಹಾಕಲಾಯಿತು. ಆದ್ದರಿಂದ ಅಂತಹ ಹಳೆಯ ಯಂತ್ರದ ಕಡತಗಳನ್ನು ನೇರವಾಗಿ ನಕಲು ಮಾಡಿದರೆ ಹೊಸ ಆವೃತ್ತಿ ಅವುಗಳನ್ನು ಓದುವುದಿಲ್ಲ. ಎಲ್ಲ ವಿವರಗಳನ್ನು ಸಾದಾ ಪಠ್ಯರೂಪಕ್ಕೆ ಇಳಿಸಿ, ಹೊಸ ಯಂತ್ರದಲ್ಲಿ ಪುನಃ ಏರಿಸಬೇಕು. ಗುರುತಿನ ಸಂಖ್ಯೆಗಳು ಉಳಿದುಕೊಳ್ಳಬೇಕೆಂಬ ತತ್ವ ಮಾತ್ರ ಇಲ್ಲಿಯೂ ಅದೇ.

ಗಡಿಯಾರದ ವಿಷಯ

ಐದು ಹೊಣೆಗಳಲ್ಲಿ ಇನ್ನೊಂದನ್ನು ಹೊತ್ತ ಸರ್ವರ್ ಇಡೀ ಜಾಲಕ್ಕೆ ಸಮಯವನ್ನೂ ಹೇಳುತ್ತದೆ. ಟಿಕೆಟ್ ನೀಡುವ ವ್ಯವಸ್ಥೆಯಲ್ಲಿ ಗಣಕಯಂತ್ರದ ಗಡಿಯಾರಕ್ಕೂ ಸರ್ವರಿನ ಗಡಿಯಾರಕ್ಕೂ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ಅಂತರ ಇರುವಂತಿಲ್ಲ. ಹೆಚ್ಚಿದ್ದರೆ ಗುಪ್ತಪದ ಸರಿಯಿದ್ದರೂ ಲಾಗಿನ್ ತಿರಸ್ಕೃತವಾಗುತ್ತದೆ. ಕಚೇರಿಯ ಗೋಡೆ ಗಡಿಯಾರ ಹತ್ತು ನಿಮಿಷ ಮುಂದೆ ಇರುವುದನ್ನು ಎಲ್ಲರೂ ಸಹಿಸಿಕೊಳ್ಳುತ್ತಾರೆ, ಡೈರೆಕ್ಟರಿ ಸರ್ವರ್ ಸಹಿಸುವುದಿಲ್ಲ. ಹೊಣೆಯನ್ನು ಹೊಸ ಯಂತ್ರಕ್ಕೆ ವರ್ಗಾಯಿಸಿ, ಅದಕ್ಕೆ ನಂಬಲರ್ಹ ಸಮಯ ಮೂಲವನ್ನು ತೋರಿಸಿಕೊಡಲು ಮರೆತಲ್ಲಿ ಕೆಲವು ವಾರಗಳ ಅನಂತರ ಯಾವ ಕಾರಣವೂ ಕಾಣದಂತೆ ತೊಂದರೆಗಳು ಆರಂಭವಾಗಬಹುದು.

ಸಮಯದ ನಿಖರತೆ ತಾಂತ್ರಿಕ ಅನುಕೂಲಕ್ಕೆ ಮಾತ್ರ ಸೀಮಿತವಾದುದಲ್ಲ. ಭಾರತ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸರ್ಕಾರಿ ಸಂಸ್ಥೆಗಳೂ ಸೇರಿದಂತೆ ಎಲ್ಲ ಸಂಸ್ಥೆಗಳು ತಮ್ಮ ಗಣಕಯಂತ್ರಗಳ ಗಡಿಯಾರಗಳನ್ನು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರುಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರುಗಳಿಗೆ ಹೊಂದಿಸಿಕೊಳ್ಳಬೇಕು. ವ್ಯವಸ್ಥೆಯ ಲಾಗ್ ದಾಖಲೆಗಳನ್ನು 180 ದಿನಗಳ ಕಾಲ ಸುರಕ್ಷಿತವಾಗಿ ಇಡಬೇಕು. ಹಳೆಯ ಸರ್ವರನ್ನು ಅಳಿಸುವ ಮುನ್ನ ಅದರಲ್ಲಿರುವ ಲಾಗ್ ದಾಖಲೆಗಳನ್ನು ಬೇರೆಡೆ ಇರಿಸುವುದು ಈ ಕಾರಣದಿಂದ ಅವಶ್ಯಕ. ಅರ್ಜಿಯೊಂದನ್ನು ಯಾವ ದಿನ, ಎಷ್ಟು ಗಂಟೆಗೆ, ಯಾರ ಲಾಗಿನ್‌ನಿಂದ ತೆರೆಯಲಾಯಿತೆಂಬ ವಿವಾದದಲ್ಲಿ ಆ ದಾಖಲೆಯೇ ಸಾಕ್ಷಿ.

ಸೋಮವಾರ ಬೆಳಿಗ್ಗೆ ಕಾಣುವ ತೊಡಕುಗಳು

ವರ್ಗಾವಣೆಯು ಶನಿವಾರ, ಭಾನುವಾರ ಸುಸೂತ್ರವಾಗಿ ಮುಗಿದರೂ ಸೋಮವಾರ ಒಂದಲ್ಲ ಒಂದು ಸಣ್ಣ ತೊಡಕು ಕಾಣಿಸಿಕೊಳ್ಳುವುದು ವಾಡಿಕೆ. ಗಣಕಯಂತ್ರಗಳು ಸರ್ವರನ್ನು ಹೆಸರಿನಿಂದ ಹುಡುಕಿಕೊಂಡು ಹೋಗುತ್ತವೆ, ಆದರೆ ಕೌಂಟರಿನಲ್ಲಿರುವ ಸ್ಕ್ಯಾನರ್ ಯಂತ್ರದಲ್ಲಿ ಎಂದೋ ಒಂದು ದಿನ ಯಾರೋ ಹಳೆಯ ಸರ್ವರಿನ ಸಂಖ್ಯಾ ವಿಳಾಸವನ್ನೇ ಬರೆದಿಟ್ಟಿರುತ್ತಾರೆ. ಅದು ಸ್ಕ್ಯಾನ್ ಮಾಡಿದ ದಾಖಲೆಯನ್ನು ಈಗ ಇಲ್ಲದ ಯಂತ್ರಕ್ಕೆ ಕಳುಹಿಸಲು ಯತ್ನಿಸಿ ಸುಮ್ಮನಾಗುತ್ತದೆ. ಹಾಜರಾತಿ ಯಂತ್ರ, ಹಳೆಯ ಮುದ್ರಣ ಯಂತ್ರ, ಹಲವು ವರ್ಷಗಳ ಹಿಂದೆ ಬರೆಸಿದ ಟಪಾಲು ನೋಂದಣಿ ತಂತ್ರಾಂಶ ಇವೆಲ್ಲ ಇದೇ ಗುಂಪಿಗೆ ಸೇರಿದವು. ಹಳೆಯ ತಂತ್ರಾಂಶಗಳು ಗುಪ್ತಪದವನ್ನು ಸಂಕೇತಕ್ಕೆ ಪರಿವರ್ತಿಸದೆ ಬಯಲಿನಲ್ಲಿಯೇ ಕಳುಹಿಸುವುದೂ ಉಂಟು. ಬಿಗಿ ಭದ್ರತೆಯೊಂದಿಗೆ ಸಜ್ಜುಗೊಳಿಸಿದ ಹೊಸ ಸರ್ವರ್ ಅವುಗಳನ್ನು ನಿರಾಕರಿಸುತ್ತದೆ. ಅಲ್ಲಿ ತಪ್ಪು ಸರ್ವರಿನದಲ್ಲ.

ಈ ಕಾರಣದಿಂದ ಹಳೆಯ ಸರ್ವರನ್ನು ಅಂದೇ ಕಳಚಿ ಹಾಕದೆ, ಮೊದಲು ಕೆಲವು ದಿನ ಕೇವಲ ಆರಿಸಿಟ್ಟು ಯಾರಿಗೆ ತೊಂದರೆಯಾಯಿತೆಂದು ಗಮನಿಸುವುದು ರೂಢಿ. ಯಾವ ದೂರೂ ಬಾರದಿದ್ದಲ್ಲಿ ಅದನ್ನು ಮತ್ತೆ ತೆರೆದು, ಡೈರೆಕ್ಟರಿಯ ಹೊಣೆಯಿಂದ ವಿಧಿವತ್ತಾಗಿ ಬಿಡುಗಡೆಗೊಳಿಸಲಾಗುತ್ತದೆ. ಆದರೆ ಆರಿಸಿಟ್ಟ ಸರ್ವರನ್ನು ಮೂಲೆಯಲ್ಲಿ ಮರೆತು, ವರ್ಷದ ಮೇಲೆ ಯಾರೋ ತೆರೆಯುವಂತೆ ಆಗಬಾರದು. ಅಳಿಸಿದ ಖಾತೆಗಳ ಕುರುಹನ್ನು ಡೈರೆಕ್ಟರಿಯು ಸಾಮಾನ್ಯವಾಗಿ 180 ದಿನ ಇಟ್ಟುಕೊಂಡಿರುತ್ತದೆ. ಬಹಳ ಹಳೆಯ ಜಾಲಗಳಲ್ಲಿ ಈ ಅವಧಿ 60 ದಿನ. ಆ ಅವಧಿಯೊಳಗೆ ಹಳೆಯ ಸರ್ವರ್ ಮರಳಿ ಬಂದರೆ ಯಾರ ಖಾತೆ ರದ್ದಾಗಿದೆ ಎಂಬುದು ಅದಕ್ಕೂ ತಿಳಿಯುತ್ತದೆ. ಅವಧಿ ಮೀರಿದ ಮೇಲೆ ಬಂದರೆ ತಿಳಿಯುವುದಿಲ್ಲ. ನಿವೃತ್ತರಾದವರು, ಅಮಾನತಿನ ಅನಂತರ ಸೇವೆಯಿಂದ ವಜಾಗೊಂಡವರು, ಒಪ್ಪಂದ ಮುಗಿದ ಗಣಕಯಂತ್ರ ನಿರ್ವಾಹಕರು ಇವರ ಖಾತೆಗಳು ಆ ಯಂತ್ರದಲ್ಲಿ ಜೀವಂತವಾಗಿಯೇ ಇರುತ್ತವೆ, ತಕ್ಕ ತಡೆ ಇಲ್ಲದಿದ್ದರೆ ಜಾಲಕ್ಕೂ ಮರಳಬಹುದು. ಸಾರ್ವಜನಿಕರ ಕಡತಗಳಿರುವ ಕಚೇರಿಯಲ್ಲಿ ಇದನ್ನು ಸಣ್ಣ ಲೋಪವೆಂದು ಪರಿಗಣಿಸಲಾಗದು. ಬಿಡುಗಡೆಗೊಂಡ ಯಂತ್ರದ ಡಿಸ್ಕುಗಳನ್ನು ಹರಾಜಿಗೆ ಇಡುವ ಮುನ್ನ ಪೂರ್ಣವಾಗಿ ಅಳಿಸುವುದು ಅಥವಾ ನಾಶಪಡಿಸುವುದು ಸಹ ಇದೇ ಕೆಲಸದ ಭಾಗ.

ಎರಡು ಡೈರೆಕ್ಟರಿ ಸರ್ವರುಗಳನ್ನು ಸದಾ ಚಾಲನೆಯಲ್ಲಿಟ್ಟಿರುವ ಕಚೇರಿಯಲ್ಲಿ ಒಂದನ್ನು ಬದಲಿಸುವಾಗ ಮತ್ತೊಂದು ಕೆಲಸ ಮಾಡುತ್ತಿರುತ್ತದೆ. ಸೇವೆಗೆ ಹೆಚ್ಚಿನ ಅಡಚಣೆ ಬರಬೇಕಾಗಿಯೇ ಇಲ್ಲ. ಒಂದೇ ಸರ್ವರನ್ನು ನಂಬಿರುವ ಕಚೇರಿಗಳಲ್ಲಿ ದಿನಗಟ್ಟಲೆ ಸೇವೆ ನಿಲ್ಲುವುದು ತಾಂತ್ರಿಕ ಅನಿವಾರ್ಯತೆಗಿಂತ ಹೆಚ್ಚಾಗಿ ಪೂರ್ವ ಯೋಜನೆಯ ಕೊರತೆಯಿಂದ.

ಅರ್ಜಿದಾರರಿಗೆ ಸಂಬಂಧಿಸಿದ ವಿಷಯಗಳು

ಈಗಾಗಲೇ ಸಲ್ಲಿಸಿರುವ ಅರ್ಜಿಯ ಸಂಖ್ಯೆ ಬದಲಾಗುವುದಿಲ್ಲ. ಸ್ವೀಕೃತಿ ಪತ್ರವು ಹಿಂದಿನಂತೆಯೇ ಮಾನ್ಯ. ಅದೇ ಅರ್ಜಿಯನ್ನು ಎರಡನೆಯ ಬಾರಿ ಸಲ್ಲಿಸಬಾರದು. ಎರಡು ಅರ್ಜಿಗಳಿದ್ದಲ್ಲಿ ಪರಿಶೀಲನೆಯಲ್ಲಿ ಗೊಂದಲವಾಗಿ ಎರಡೂ ತಡವಾಗುವ ಸಂಭವವಿದೆ. ಶುಲ್ಕ ಪಾವತಿಯ ನಡುವೆ ಸಂಪರ್ಕ ಕಡಿದು ಸ್ವೀಕೃತಿ ಬಾರದಿದ್ದಲ್ಲಿ, ಹಣ ಕಡಿತವಾದ ಬಗ್ಗೆ ಬ್ಯಾಂಕಿನಿಂದ ಬಂದ ಸಂದೇಶದಲ್ಲಿನ ವ್ಯವಹಾರ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಆ ಪಾವತಿಯ ಸ್ಥಿತಿ ತಿಳಿಯುವವರೆಗೆ ಪುನಃ ಪಾವತಿಸದಿರುವುದು ಸೂಕ್ತ.

ಈ ಹಿಂದೆ ಪಡೆದ, ಡಿಜಿಟಲ್ ಸಹಿ ಇರುವ ಪ್ರಮಾಣಪತ್ರಗಳಿಗೆ ಯಾವ ಬಾಧಕವೂ ಇಲ್ಲ. ಅಧಿಕಾರಿಗಳ ಡಿಜಿಟಲ್ ಸಹಿ ಪ್ರಮಾಣಪತ್ರವನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಅಡಿಯಲ್ಲಿ ಪರವಾನಗಿ ಪಡೆದ ಪ್ರಮಾಣೀಕರಣ ಪ್ರಾಧಿಕಾರಗಳು ನೀಡುತ್ತವೆ. ಡೈರೆಕ್ಟರಿ ಸರ್ವರ್ ಬದಲಾದ ಮಾತ್ರಕ್ಕೆ ಸಹಿ ಅಮಾನ್ಯವಾಗುವುದಿಲ್ಲ. "ಸರ್ವರ್ ಬದಲಾಗಿದೆ, ಹೊಸ ಪ್ರಮಾಣಪತ್ರ ತನ್ನಿ" ಎಂದು ಯಾರಾದರೂ ಕೇಳಿದಲ್ಲಿ ಅದಕ್ಕೆ ಈ ಬದಲಾವಣೆ ಕಾರಣವಾಗಲಾರದು.

ನಾಗರಿಕರು ಅಂತರ್ಜಾಲದಲ್ಲಿ ಅರ್ಜಿ ಸಲ್ಲಿಸಲು ಬಳಸುವ ಖಾತೆಗಳು ಕಚೇರಿ ಸಿಬ್ಬಂದಿಯ ಡೈರೆಕ್ಟರಿಯಿಂದ ಸಾಮಾನ್ಯವಾಗಿ ಪ್ರತ್ಯೇಕವಾಗಿರುತ್ತವೆ. ಸರ್ವರ್ ಬದಲಾವಣೆಯ ನೆಪ ಹೇಳಿ ದೂರವಾಣಿ ಮೂಲಕ ಒಟಿಪಿ, ಗುಪ್ತಪದ, ಆಧಾರ್ ಸಂಖ್ಯೆ ಅಥವಾ ಬ್ಯಾಂಕ್ ಖಾತೆಯ ವಿವರ ಕೇಳುವವರು ಇಲಾಖೆಯ ಸಿಬ್ಬಂದಿಯಾಗಿರುವುದಿಲ್ಲ. ಇಂತಹ ಕರೆಗಳಿಂದ ಹಣ ಕಳೆದುಕೊಂಡವರು ವಿಳಂಬವಿಲ್ಲದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಕರ್ನಾಟಕದಲ್ಲಿ ಸಕಾಲ ಸೇವೆಗಳ ಕಾಯ್ದೆ, 2011ರ ವ್ಯಾಪ್ತಿಗೆ ಬರುವ ಸೇವೆಗಳಿಗೆ ಅರ್ಜಿ ಸ್ವೀಕರಿಸಿದ ಕೂಡಲೇ 15 ಅಂಕಿಗಳ ಜಿಎಸ್‌ಸಿ ಸಂಖ್ಯೆಯುಳ್ಳ ಸ್ವೀಕೃತಿ ನೀಡಲಾಗುತ್ತದೆ. ಸೇವೆ ಒದಗಿಸುವ ಕಾಲಮಿತಿಯ ಲೆಕ್ಕಕ್ಕೆ ಅದೇ ಆಧಾರ. ವಿಳಂಬಕ್ಕೆ ದಿನವೊಂದಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚಕ್ಕೆ ಕಾಯ್ದೆಯಲ್ಲಿ ಅವಕಾಶವಿದೆ. ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸುವ ಹಕ್ಕೂ ಅರ್ಜಿದಾರರಿಗಿದೆ. ಮೊತ್ತ ಚಿಕ್ಕದಾದರೂ ವಿಳಂಬ ದಾಖಲೆಯಾಗುತ್ತದೆ ಎಂಬುದು ಮುಖ್ಯ. ಸರ್ವರ್ ಕೆಲಸವಿದೆಯೆಂದು ಅರ್ಜಿಯನ್ನೇ ಸ್ವೀಕರಿಸದೆ ಕಳುಹಿಸಿದಲ್ಲಿ ಈ ಲೆಕ್ಕ ಆರಂಭವಾಗುವುದೇ ಇಲ್ಲ. ಆದ್ದರಿಂದ ಕಾಲೇಜು ಪ್ರವೇಶ, ವಿದ್ಯಾರ್ಥಿವೇತನ ಅಥವಾ ಉದ್ಯೋಗ ನೇಮಕಾತಿಯ ಕೊನೆಯ ದಿನಾಂಕ ಸಮೀಪಿಸುತ್ತಿರುವವರು ಸೂಚನಾ ಫಲಕದಲ್ಲಿ ಪ್ರಕಟವಾದ ದಿನಗಳಿಗಿಂತ ಮುಂಚಿತವಾಗಿಯೇ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಕ್ಷೇಮ. ಅದು ಸಾಧ್ಯವಾಗದಿದ್ದಲ್ಲಿ ಲಿಖಿತ ಅರ್ಜಿಯನ್ನು ಟಪಾಲು ಶಾಖೆಗೆ ಕೊಟ್ಟು, ದಿನಾಂಕವುಳ್ಳ ಮೊಹರು ಹಾಕಿಸಿದ ಪ್ರತಿಯನ್ನು ಇಟ್ಟುಕೊಳ್ಳಬಹುದು.

ಬದಲಾವಣೆಯ ಅನಂತರವೂ ಅರ್ಜಿಯ ಸ್ಥಿತಿ ಹಲವು ದಿನ ಮುಂದುವರಿಯದಿದ್ದಲ್ಲಿ, ಕಚೇರಿಗೆ ತಿಳಿಸುವಾಗ "ಸರ್ವರ್ ಸರಿಯಿಲ್ಲ" ಎಂಬ ಮಾತಿಗಿಂತ ನಿಖರವಾದ ವಿವರ ಹೆಚ್ಚು ಉಪಯುಕ್ತ. ಅರ್ಜಿ ಸಂಖ್ಯೆ, ಭೇಟಿ ನೀಡಿದ ದಿನಾಂಕ ಮತ್ತು ವೇಳೆ, ಕೌಂಟರಿನ ಸಂಖ್ಯೆ, ಹಾಗೂ ಸಿಬ್ಬಂದಿ ತಿಳಿಸಿದ ಕಾರಣ ಇವುಗಳನ್ನು ಬರೆದು ಕೊಟ್ಟಲ್ಲಿ, ಆ ವೇಳೆಯ ಲಾಗ್ ದಾಖಲೆಯನ್ನು ನೋಡಿ ತೊಡಕು ಲಾಗಿನ್‌ನಲ್ಲಿತ್ತೇ, ಕಡತ ಕೋಶದ ಅನುಮತಿಯಲ್ಲಿತ್ತೇ ಅಥವಾ ಸ್ಕ್ಯಾನರಿನಲ್ಲಿತ್ತೇ ಎಂಬುದನ್ನು ಪತ್ತೆಹಚ್ಚುವುದು ಜಾಲ ನಿರ್ವಾಹಕರಿಗೆ ಸುಲಭವಾಗುತ್ತದೆ.